ಹಿಂದೆ ಸರಿಯುವ ಗೋಡೆ

ವಿಶ್ವವಿದ್ಯಾಲಯದ ನಮೂನೆ. ಏಳನೇ ಕಾಲಂ ಕೇಳುತ್ತದೆ:
ಅಭ್ಯಾಸದ ಕೊಳ ಯಾವುದು, ಉದ್ದ ಎಷ್ಟು, ಲೇನ್ ಎಷ್ಟು.
ಕೋಡಿಬಾಗದ ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ
ಒಂದೇ ಪೆನ್ನಿನ ನಾವು ನಾಲ್ವರು
ಕಾಳಿಯ ಕಡೆ ನೋಡುತ್ತೇವೆ.
ಈಗ ಇಳಿತ. ಹೊಳೆಗೂ ತನ್ನ ಉದ್ದ
ಸರಿಯಾಗಿ ಗೊತ್ತಿಲ್ಲದ ಹೊತ್ತು.

ಮೊದಲು ಹಳೆಯ ಸೇತುವೆ ಇತ್ತು.
ಕಂಬದಿಂದ ಕಂಬಕ್ಕೆ ಇಷ್ಟು ಎಂದು
ಸೀನಿಯರುಗಳು ಲೆಕ್ಕ ಹಾಕಿಟ್ಟಿದ್ದರು.
ಒಂದು ರಾತ್ರಿ ಅದು ಬಿತ್ತು.
ಪೇಪರಿನವರು ಲಾರಿಯ ಬಗ್ಗೆ ಬರೆದರು,
ಜೊತೆಗೆ ನಮ್ಮ ಅಳತೆಗೋಲೂ ಮುಳುಗಿತೆಂದು
ಯಾರಿಗೆ ಹೇಳುವುದು?
ಈಗ ಉಜ್ವಲಾಳ ಮಾವ ಕೊಟ್ಟ ಹಳೇ ಕತ್ತದ ಹಗ್ಗ,
ಮಾರು ಹಾಕಿ ಅಳೆದದ್ದು,
ಐದು ಮಾರಿಗೊಂದು ಥರ್ಮಾಕೋಲ್ ಬೆಂಡು.
ನೆನೆದರೆ ಹಗ್ಗ ಕುಗ್ಗುತ್ತದೆ.
ನಮ್ಮ ದಾಖಲೆಗಳೆಲ್ಲ ಸ್ವಲ್ಪ ಸುಳ್ಳು.

ಮೇಡಂ ಹೆಸರು ಮಂದಾಕಿನಿ.
ಕಬಡ್ಡಿಯವರು. ಈಜು ಬಾರದು.
ಕಿತ್ತಳೆ ಲೈಫ್ ಜಾಕೆಟ್ಟಿನೊಳಗೆ ಸೆರಗು ತುರುಕಿ
ದೋಣಿಯ ನಟ್ಟನಡುವೆ ಕೂತು ಸೀಟಿ ಊದುತ್ತಾರೆ.
"ಉಸಿರು ಬಿಡಬೇಡ್ರೇ, ಉಸಿರು!"
ಅದೊಂದು ಮಾತು ಎರಡೂ ಆಟಕ್ಕೆ ಸಲ್ಲುತ್ತದೆ.

ರಿಲೇಯಲ್ಲಿ ಮೊದಲು ನಾನು. ಬೆನ್ನೀಜು.
ಎಲ್ಲಿಗೆ ಹೋಗುತ್ತಿದ್ದೇನೆ ನನಗೆ ಕಾಣುವುದಿಲ್ಲ,
ಬಿಟ್ಟು ಬಂದದ್ದೆಲ್ಲ ಕಾಣುತ್ತದೆ:
ಸದಾಶಿವಗಡದ ಗುಡ್ಡ, ಒಂದು ಹದ್ದು,
ನೌಕಾನೆಲೆಯ ಹೆಲಿಕಾಪ್ಟರು ಒಮ್ಮೊಮ್ಮೆ.
ಆಮೇಲೆ ಫಿಲೋಮಿನಾ ಸಿದ್ದಿ,
ಯಲ್ಲಾಪುರದ ಕಡೆಯ ಹಳ್ಳದಲ್ಲಿ ಕಲಿತವಳು.
ಉಪ್ಪುನೀರು ತಾನೇ ಎತ್ತಿ ಹಿಡಿಯುತ್ತದೆ ಎಂದಾಗ
ನಂಬಲಿಲ್ಲ. ಪುಕ್ಕಟೆ ಯಾರು ಎತ್ತುತ್ತಾರೆ, ಎಂದಳು.
ಮೂರನೆಯದು ಬಟರ್‌ಫ್ಲೈ, ಉಜ್ವಲಾ ತಾಂಡೇಲ:
ನೀರನ್ನು ಬೈದುಕೊಂಡೇ ಹೋಗುವವಳು.
ಕೊನೆಗೆ ಶಾಹಿದಾ. ಕಣಕಾಲು ಮುಟ್ಟುವ ಈಜುಡುಗೆ
ತಾನೇ ಮೂರು ಸಲ ಹೊಲಿದು, ಎರಡು ಸಲ ಬಿಚ್ಚಿ,
ನಮ್ಮೆಲ್ಲರಿಗಿಂತ ಎರಡು ಸೆಕೆಂಡು ಮುಂದೆ.

ಕದ್ರಾದಲ್ಲಿ ಗೇಟು ತೆಗೆದ ದಿನ ರಜೆ.

ಕಷ್ಟವೆಲ್ಲ ತಿರುವಿನಲ್ಲಿ.
ಕೊಳಕ್ಕೆ ಗೋಡೆ ಇರುತ್ತದೆ, ಹೊಳೆಗೆಲ್ಲಿಯದು?
ಅದಕ್ಕೇ ಹಗ್ಗದ ಕೊನೆಯಲ್ಲಿ ಆ ಪಾತಿ ದೋಣಿ.
ಮಗುಚಿ, ಮಡಚಿ, ಎರಡೂ ಕಾಲಿಂದ ಒದ್ದರೆ
ದೋಣಿ ಹಿಂದೆ ಸರಿಯುತ್ತದೆ.
"ಅಯ್ಯೋ ನಾರಾಯಣಾ" ಎನ್ನುತ್ತಾರೆ ಒಳಗೆ ಕೂತವರು.
ಅರ್ಧ ಒದೆ ಅವರಿಗೆ, ಅರ್ಧ ನಮಗೆ.
ಹಾಸ್ಟೆಲಿಗೆ ಬಂದರೂ ಹಿಮ್ಮಡಿಯಲ್ಲಿ ಡಾಂಬರು,
ಸೋಪು ಸೋಲುತ್ತದೆ.

ನಿಮ್ಮ ಸೀಸನ್ ಯಾವಾಗ ಶುರು, ಎಂದಳು
ತಿಸರೆ ಆರಿಸುವ ಶೆವಂತಿಬಾಯಿ,
ಸೊಂಟದ ನೀರಲ್ಲಿ ನಿಂತು
ಪಾದದಿಂದಲೇ ಚಿಪ್ಪು ತಡಕುತ್ತ.
ನವೆಂಬರ್, ಎಂದೆವು.
"ಬಾಂಗಡೆಗೆ ಆಗಸ್ಟಿಂದಲೇ" ಎಂದಳು,
ನಾವೇನೋ ತಡಮಾಡಿದ ಹಾಗೆ.
ಅಷ್ಟರಲ್ಲಿ ಭರತ ಏರಿತು.
ಬುಟ್ಟಿ ತಲೆಗೆ, ಅದಕ್ಕೊಂದು ಕೈ,
ಉಳಿದ ಕೈಯಲ್ಲಿ, ಉಟ್ಟ ಸೀರೆಯಲ್ಲಿ
ಮರಳದಿಬ್ಬದಿಂದ ದಡಕ್ಕೆ ಈಜಿದಳು.
ಬುಟ್ಟಿಯ ತಳ ಒದ್ದೆಯಾಗಿರಲಿಲ್ಲ.
ಶಾಹಿದಾ ಸುಮ್ಮನೆ ಸ್ಟಾಪ್‌ವಾಚು ಒತ್ತಿದ್ದಳು.
ನೋಡಿದಳು. ಯಾರಿಗೂ ತೋರಿಸಲಿಲ್ಲ.
ಸೊನ್ನೆ ಮಾಡಿಟ್ಟಳು.

ಏಳನೇ ಕಾಲಮ್ಮಿಗೆ ಬರೆದೆವು:
ಕೊಳ, ಕಾಳಿ. ಉದ್ದ, ಹಗ್ಗ ಒಣಗಿದ್ದರೆ ಐವತ್ತು.
ಲೇನ್ ಒಂದು, ದೋಣಿ ಬಂದರೆ ಅದೂ ಇಲ್ಲ.
ಮೇಡಂ ಓದಿ, ನಕ್ಕು, ಸಹಿ ಹಾಕಿ, ಮತ್ತೆ ಓದಿ
ನಗು ನಿಲ್ಲಿಸಿದರು.

ಫಿಲೋಮಿನಾ ಮಾತ್ರ ನೀರನ್ನೇ ನೋಡುತ್ತಿದ್ದಳು.
ಅಲ್ಲಿಯ ಗೋಡೆ ಒದ್ದರೆ ಅಲ್ಲಾಡುವುದಿಲ್ಲವಂತೆ,
ಒದ್ದಷ್ಟೂ ನಮಗೇ ವಾಪಸ್ಸಂತೆ.
ಅಷ್ಟೊಂದನ್ನು ಏನು ಮಾಡುವುದೇ?

ಉಜ್ವಲಾ ಝೆರಾಕ್ಸಿಗೆ
ಎರಡು ರೂಪಾಯಿ ಚಿಲ್ಲರೆ ಹುಡುಕುತ್ತಿದ್ದಳು.