ಹುಬ್ಬಿನ ಹತ್ತಿ

ಪಿಂಜಾರನ ಮನೆಯಲ್ಲಿ ಹತ್ತಿ ದಿಂಬಿಲ್ಲ.
ಯಾರಾದರೂ ನಕ್ಕರೆ ನಗಲಿ.
ಪೆನ್ಷನ್ ಮೊಹಲ್ಲಾದ ಅರ್ಧ ಜನ
ನಮ್ಮಪ್ಪ ಹಿಂಜಿದ ಹತ್ತಿಯ ಮೇಲೆ ಮಲಗಿ ಎದ್ದವರು.
ನನ್ನ ಮಗಳು ಮಲಗುವುದು ಮಾತ್ರ
ಜಿಪ್ ಹಾಕಿದ ಚೀಲದೊಳಗಿನ ಫೋಮಿನ ಮೇಲೆ.
ಮಗ್ಗುಲಾದಾಗೆಲ್ಲ ಸರಸರ ಅನ್ನುತ್ತದೆ.
ಎಚ್ಚರಾಗಿ ನಾನು ಕಿವಿಗೊಡುವುದು ಅದಕ್ಕಲ್ಲ,
ಅದರ ಹಿಂದಿನ ಉಸಿರಿಗೆ.

ಮೂರು ತಿಂಗಳ ಕೂಸಿದ್ದಾಗಲೇ ನೂರ್‌ಜಾನ್ ಹೇಳಿದ್ದಳು,
ಮುತ್ತಿಟ್ಟರೆ ಉಪ್ಪುಪ್ಪು, ನೋಡಿ.
ಬೆವರು ಉಪ್ಪಲ್ಲದೆ ಸಕ್ಕರೆಯೇ ಅಂದಿದ್ದೆ.
ಬೆವರನ್ನೂ ಪರೀಕ್ಷೆ ಮಾಡುತ್ತಾರೆಂದು
ಆಮೇಲೆ ಗೊತ್ತಾಯಿತು, ಎರಡು ವರ್ಷ ತಡವಾಗಿ.

ಡಾಕ್ಟರು ಚೀಟಿಯ ಹಿಂದೆ ಎರಡು ಗೆರೆ ಎಳೆದರು.
ಒಂದು ನಿಮ್ಮಿಬ್ಬರ ರಕ್ತದಿಂದ ಬಂದದ್ದು, ಅಳಿಸಲಾಗದು.
ಇನ್ನೊಂದನ್ನು ಗಾಳಿ ಕೆಣಕುತ್ತದೆ,
ಬಾಗಿಲಲ್ಲೇ ತಡೆಯಿರಿ.
ಗಾಳಿಗೆ ಬಾಗಿಲು ಯಾವುದು?
ಅಲ್ಲಿ ಕೇಳಲು ಹೊಳೆಯಲಿಲ್ಲ.

ಮೊದಲು ಸೊಳ್ಳೆಬತ್ತಿ ಹೋಯಿತು.
ಆಮೇಲೆ ಪೌಡರ್ ಡಬ್ಬಿ, ಕಿಟಕಿಯ ದಪ್ಪ ಪರದೆ.
ಬೊಚ್ಚು ಕರಡಿಯನ್ನು ಅವಳು ಬಿಡಲಿಲ್ಲ,
ವಾರಕ್ಕೊಮ್ಮೆ ಬಿಸಿನೀರಲ್ಲಿ ಅದ್ದಿ
ಕಿವಿಗೆ ಕ್ಲಿಪ್ ಹಾಕಿ ತಂತಿಗೆ ನೇತುಹಾಕುತ್ತೇವೆ.
ಗುರುವಾರ ಸಂಜೆ ಅಮ್ಮ ಹಾಕುತ್ತಿದ್ದ ಲೋಬಾನ
ಎಲ್ಲಕ್ಕಿಂತ ಕಷ್ಟದಲ್ಲಿ ಹೋಯಿತು.
ದೃಷ್ಟಿ ತೆಗೆಯುವ ಹೊಗೆಯೇ ಎದೆ ಕಟ್ಟುತ್ತದೆಂದರೆ
ಮುದುಕಿ ನಂಬುವುದು ಹೇಗೆ?
ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ
ಧೂಪದ ಮಡಕೆ ಎತ್ತಿಕೊಂಡು ದರ್ಗಾಕ್ಕೆ ನಡೆದಳು,
ಅಲ್ಲೇ ಹೊಗೆ ಹಾಕಿ,
ಬಚ್ಚಲಲ್ಲಿ ಸೀರೆ ಬದಲಿಸಿ ಒಳಗೆ ಬಂದಳು.
ಮಗುವಿಗೆ ಅವಳಿಟ್ಟ ಹೆಸರು ಮೆಹಕ್.
ಪರಿಮಳ.

ಕೊನೆಗೆ ಹೋಗಬೇಕಾದದ್ದು ನಾನು.
ಮುಂದಿನ ಕೋಣೆಯ ಹಿಂಜುವ ಯಂತ್ರ
ಹೊಳೆನರಸೀಪುರ ರಸ್ತೆಯ ತಗಡಿನ ಶೆಡ್ಡಿಗೆ,
ತಿಂಗಳಿಗೆ ಎರಡು ಸಾವಿರ ಬಾಡಿಗೆ.
ಸಂಜೆ ಹಿತ್ತಿಲ ನಲ್ಲಿಯಲ್ಲಿ ಮೀಯದೆ ಒಳಗೆ ಬರುವಂತಿಲ್ಲ.
ಡಿಸೆಂಬರಿನಲ್ಲಿ ಹಾಸನದ ನೀರು ಎಂಥದ್ದೆಂದು
ನಲ್ಲಿ ಕೆಳಗೆ ಕೂತವನನ್ನು ಕೇಳಿ.
ಹೊಸ್ತಿಲಲ್ಲಿ ಮಗಳು ಕೈಕಟ್ಟಿ ನಿಂತಿರುತ್ತಾಳೆ,
ಚೆಕ್‌ಪೋಸ್ಟಿನ ಪೊಲೀಸು:
ಅಬ್ಬಾ, ಹುಬ್ಬು.
ಹುಬ್ಬಿನಲ್ಲೊಂದು ಎಳೆ ಉಳಿದೇ ಇರುತ್ತದೆ.
ವಾಪಸ್ ನಲ್ಲಿಗೆ.

ಆಮೇಲೆ ನೆಬುಲೈಸರಿನ ಗುರ್‌ಗುರ್.
ಮೊದಲು ಉಸಿರ ದಾರಿ ಸಡಿಲಿಸುವ ಔಷಧಿ,
ಹಿಂದೆಯೇ ಉಪ್ಪುನೀರಿನ ಹಬೆ.
ಮೈಯೆಲ್ಲ ಉಪ್ಪು ಬಿಡುವ ಮಗುವಿಗೆ ಉಪ್ಪೇ ಮದ್ದು,
ಯಾರು ಬರೆದ ಲೆಕ್ಕವೋ.
ತೊಡೆಯ ಮೇಲೆ ಬೋರಲು ಮಲಗಿಸಿ
ಅಂಗೈಯನ್ನು ಬಟ್ಟಲು ಮಾಡಿ ಬೆನ್ನಿಗೆ
ದೊಬ್ ದೊಬ್ ದೊಬ್, ಎಡಗಡೆ ಕೆಳಗೆ ಮೂರು ನಿಮಿಷ.
ಅಪ್ಪನ ಬಿಲ್ಲಿನ ಲಯವೂ ಇದೇ,
ನೆನಪಾಗುವುದು ಕೈಗೆ, ನನಗಲ್ಲ.
ಗಂಟು ಬಿದ್ದದ್ದನ್ನು ಬಡಿದು ಬಡಿದು ಬಿಡಿಸುವುದು
ಗೊತ್ತಿದ್ದ ಕಸುಬೇ.
ಇಲ್ಲಿ ಮಾತ್ರ, ಇವತ್ತು ಬಿಡಿಸಿದ್ದು
ಬೆಳಗಾಗುವಷ್ಟರಲ್ಲಿ ಮತ್ತೆ ಗಂಟು.

ಗೋಡೆಯಾಚೆ ಪುಟ್ಟತಾಯಮ್ಮ.
ಒಣಮೆಣಸಿನಕಾಯಿ ಎಣ್ಣೆಗೆ ಬೀಳುವ ಮುಂಚೆ ಕೂಗು:
ಮೆಹಕಮ್ಮೋ, ಒಗ್ಗರಣೆ ಹಾಕ್ತಾ ಇವ್ನಿ!
ನಮ್ಮ ಕಿಟಕಿಗಳು ಪಟಪಟ ಮುಚ್ಚುತ್ತವೆ.
ಹೀಗೆ ಮಾಡಿ ಅಂತ ನಾವು ಕೇಳಿದವರಲ್ಲ.
ಒಮ್ಮೆ ಕೆಮ್ಮು ಕೇಳಿ ಸೌಟು ಹಿಡಿದೇ ಓಡಿಬಂದಿದ್ದಳು, ಅಷ್ಟೇ.

ಹೋದ ಆಷಾಢದಲ್ಲಿ ಹದಿನಾಲ್ಕು ದಿನ
ಮಗಳ ಕೈಗೆ ಸೂಜಿ, ನಮಗೆ ಆಸ್ಪತ್ರೆಯ ಬೆಂಚು.
ಅಮ್ಮ ಅಕ್ಕನ ಮನೆಗೆ. ಮನೆಗೆ ಬೀಗ.
ಮರಳಿದಾಗ ಎದುರುಮನೆಯ ಹುಡುಗ ಹೇಳಿದ,
ಆಕೆ ದಿನಾ ಕೂಗುತ್ತಿದ್ದಳಂತೆ,
ಬೀಗ ಹಾಕಿದ ಮನೆಗೆ.
ಕೂಗಿ, ಒಂದಿಷ್ಟು ಹೊತ್ತು ಕಾದು,
ಆಮೇಲೆ ಸಾಸಿವೆ ಹಾಕುತ್ತಿದ್ದಳಂತೆ.

ನೂರ್‌ಜಾನ್ ಒದ್ದೆಬಟ್ಟೆ ಹಿಡಿದು ಕಿಟಕಿಯ ಬೂಷ್ಟು ಒರೆಸುತ್ತಿದ್ದಳು.
ಮಗಳು ನನ್ನ ಮುಖಕ್ಕೆ ಮುಖ ತಂದು, ಅಬ್ಬಾ, ಹುಬ್ಬು.
ಹದಿನಾಲ್ಕು ದಿನ ಹತ್ತಿ ಮುಟ್ಟಿಲ್ಲ ಕಣೇ, ಅಂದೆ.
ಇದೆ, ಬಿಳಿದು, ಅಂದಳು.
ಉಗುರಲ್ಲಿ ಹಿಡಿದು ಎಳೆದಳು.
ಬರಲಿಲ್ಲ.
ಇನ್ನೊಮ್ಮೆ ಎಳೆಯುವಷ್ಟರಲ್ಲಿ
ಗೋಡೆಯಾಚೆಯಿಂದ ಕೂಗು ಬಂತು,
ಕಿಟಕಿ ಮುಚ್ಚಲು ಓಡಿದಳು.