ಲಾರಿ ಒಯ್ಯದ್ದು

ಪಿಯಾನೊ ಒಯ್ಯುತ್ತೇವೆ. ಇಬ್ಬರೇ, ನಾನು ಮತ್ತು ಡೆಲ್ಬರ್ಟ್,
ಮೆಟ್ಟಿಲಿಗೊಂದು ಬೈಗುಳ ಬೈದು ಇಳಿಸುತ್ತೇವೆ.
ಮದುವೆಯ ಮಂಚ ಒಯ್ಯುತ್ತೇವೆ, ಯಾರ ಮದುವೆ ಎಂದು ಕೇಳದೆ.
ತೊಟ್ಟಿಲು, ಟಿ.ವಿ., ಬಾಯಿ ಮುರಿದ ಹಿಮದ ಸಲಿಕೆ.
ಒಮ್ಮೆ ಒಂದು ಜಿಂಕೆಯ ತಲೆ, ಗಾಜಿನ ಕಣ್ಣು ಸಮೇತ;
ದಾರಿಯುದ್ದಕ್ಕೂ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿತ್ತು.

ಒಯ್ಯದ್ದರ ಪಟ್ಟಿ ಲಾರಿಯ ಬಾಗಿಲಿಗೆ ಅಂಟಿಸಿದೆ.
ರಸ್ತೆಗೆರಚಿದ ಉಪ್ಪು ಸಿಡಿದು ಅರ್ಧ ಅಳಿಸಿದೆ:
ಬಣ್ಣ, ಥಿನ್ನರ್, ಗ್ಯಾಸ್ ಸಿಲಿಂಡರ್, ಇಲಿ ಪಾಷಾಣ...
ಅಳಿಸಿದ್ದು ನನಗೆ ಬಾಯಿಪಾಠ.

ಸುಪೀರಿಯರ್. ಊರಿಗೂ ಸರೋವರಕ್ಕೂ ಒಂದೇ ಹೆಸರು,
ಚಳಿಯೂ ಒಂದೇ.
ನವೆಂಬರಿನ ಮಂಗಳವಾರ ವರ್ನಾ ಕೊಸ್ಕೆಲಾಳ ಗ್ಯಾರೇಜನ್ನು
ಮೂರು ಗಂಟೆಯಲ್ಲಿ ಖಾಲಿ ಮಾಡಿದೆವು.
ಸಿಮೆಂಟಿನ ಮೇಲೆ ಉಳಿದವು:
ಹೆಸರಿಲ್ಲದ ಎರಡು ಸೀಸೆ, ಒಂದರಲ್ಲಿ ಏನೋ ಕಂದು;
ಹೊಗೆ ಹುಡುಕುವ ಯಂತ್ರ, ಬ್ಯಾಟರಿ ಸಾಯುತ್ತ ನಿಮಿಷಕ್ಕೊಮ್ಮೆ ಚಿಂವ್;
ಕಾಲು ಡಬ್ಬ ಹಳದಿ ಬಣ್ಣ;
ಬ್ಲೂಬೆರಿ ಜಾಮಿನ ಒಂದು ಜಾಡಿ.

"ಅಂದರೆ," ಎಂದಳು, ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು,
"ಬೇಡದ್ದನ್ನೆಲ್ಲ ಒಯ್ದು,
ಬೇಡವೇ ಬೇಡದ್ದನ್ನು ನನಗೇ ಬಿಟ್ಟು ಹೋಗುತ್ತೀರಿ."
ಡೆಲ್ಬರ್ಟ್ ಬಿಲ್ಲು ಹರಿದುಕೊಟ್ಟ.
ನಾನು ಜಾಡಿ ಎತ್ತಿದೆ. ಕೈ ನೆಲಕ್ಕೆ ಜಗ್ಗಿತು.
ಹಿಡಿಯಷ್ಟು ಗಾಜಿನಲ್ಲಿ ಒಂದು ಲಂಗರಿನ ಭಾರ.

ಪಾದರಸ.
ಗಂಡ ರೈನೊ ಅದಿರು ಹಡಗುಗಳ ವಾಯುಮಾಪಕ ರಿಪೇರಿ ಮಾಡುತ್ತಿದ್ದನಂತೆ,
ಒಡೆದ ನಳಿಕೆಗಳಿಂದ ತೊಟ್ಟು ತೊಟ್ಟಾಗಿ ಕೂಡಿಟ್ಟದ್ದಂತೆ.
ಪಾದವಿಲ್ಲದೆ ಓಡುವ ರಸ, ನಿಂತಲ್ಲಿ ನಿಲ್ಲದ್ದು,
ನಲವತ್ತೊಂದು ವರ್ಷ ಅದೇ ಹಲಗೆಯ ಮೇಲೆ
ಅಲುಗದೆ ಕುಳಿತಿತ್ತು.
ಓಡಿದವನು ರೈನೊ. ಮೊದಲು ಡೆಟ್ರಾಯಿಟ್‌ಗೆ,
ಆಮೇಲೆ ಯಾರಿಗೂ ಗೊತ್ತಿಲ್ಲ.

ಶನಿವಾರ ನನ್ನ ಸ್ವಂತ ಕಾರಿನಲ್ಲಿ ಬಂದೆ.
(ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಡೆಲ್ಬರ್ಟ್‌ಗೆ ಹೇಳಿಲ್ಲ.)
ಬಕೆಟ್ಟಿನಲ್ಲಿ ಬೆಕ್ಕಿನ ಮಣ್ಣು ತುಂಬಿ, ನಡುವೆ ಜಾಡಿ ಹೂತು,
ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳಂತೆ ಕೂತಳು.
ಅವಳಿಗೆ ಬೆಕ್ಕಿಲ್ಲ. ಮಣ್ಣು ಇದಕ್ಕೆಂದೇ ಕೊಂಡದ್ದು.
ನಾಲ್ಕೂ ಕಿಟಕಿ ಇಳಿಸಿದ್ದೆ. ಮಾತಾಡಲು ಹಲ್ಲು ಬಿಡಲಿಲ್ಲ.
ಹಳ್ಳ ಬಂದಾಗಲೆಲ್ಲ
ಒಳಗೆ ಏನೋ ನಿಧಾನವಾಗಿ ಮಗ್ಗುಲು ಬದಲಿಸುತ್ತಿತ್ತು.

ಕೌಂಟಿಯ ಶೆಡ್ಡಿನಲ್ಲಿ ಕೈಗವಸಿನ ಹುಡುಗಿ.
ಏನು, ಎಷ್ಟು, ಎಷ್ಟು ಹಳೆಯದು. ತೂಗಿದಳು.
ನಾವು ಮನೆಗೆ ತಂದದ್ದನ್ನು ಯಾರೂ ಹೀಗೆ ತೂಗಿರಲಿಲ್ಲ.
"ಜಾಡಿ ವಾಪಸು ಸಿಗುತ್ತದಾ?" ವರ್ನಾ ಕೇಳಿದಳು.
"ಇಲ್ಲಮ್ಮ. ಮುಟ್ಟಿದ್ದೆಲ್ಲ ಅದರ ಜೊತೆಗೇ ಹೋಗಬೇಕು."
ಜಾಡಿಯ ಹೊಟ್ಟೆಗೆ ಅಂಟುಪಟ್ಟಿಯ ತುಂಡು,
ಅದರ ಮೇಲೆ ಬಡಗಿಯ ಪೆನ್ಸಿಲ್ಲಿನಲ್ಲಿ ನಾಲ್ಕು ಪದ.
ಹುಡುಗಿ ಓದಿದಳು, ತಲೆ ಎತ್ತಲಿಲ್ಲ.
ಫಾರಮಿನಲ್ಲಿ 'ವಿವರ' ಎಂಬ ಖಾನೆಯಿತ್ತು,
ಅದರಲ್ಲಿ, ಗುಂಡಗಿನ ಅಕ್ಷರದಲ್ಲಿ, ಬರೆದುಕೊಂಡಳು:
ಮುಟ್ಟಬೇಡ ವರ್ನಾ. ನಾನು ಬರುತ್ತೇನೆ.

ಅಡಿಪ್ರತಿ ಕೊಟ್ಟಳು. ವರ್ನಾ ಮಡಿಚಿ
ಕೈಚೀಲದೊಳಕ್ಕಲ್ಲ, ನನ್ನ ಕಾರಿನ ಡಬ್ಬಿಯೊಳಕ್ಕೆ ತುರುಕಿದಳು,
ಪಾರ್ಕಿಂಗ್ ಚೀಟಿಗಳ ಜೊತೆ.

ಹಳದಿ ಬಣ್ಣ ಮಾತ್ರ ಅಲ್ಲೂ ಬೇಡವೆಂದರು.
ನೀರಿನ ಬಣ್ಣ; ವಿಷವಲ್ಲ. ಮನೆಯಲ್ಲೇ ಉಳಿದ ಮಣ್ಣು ಕಲಸಿ,
ಮುಚ್ಚಳ ತೆಗೆದಿಟ್ಟು, ಕಲ್ಲಾದ ಮೇಲೆ
ಮಾಮೂಲಿ ಕಸಕ್ಕೆ ಹಾಕಬಹುದು.
"ಯಾವ ಕೋಣೆಗೆ ಬಳಿದದ್ದು?" ಎಂದು ಕೇಳಿದೆ.
"ಬಳಿಯಲೇ ಇಲ್ಲ," ಎಂದಳು. "ಮಾದರಿಗೆ ಒಂದು ಪಟ್ಟೆ, ಅಷ್ಟೆ."

ಕಾಲು ಡಬ್ಬ ಉಳಿದದ್ದಲ್ಲ, ಹಾಗಾದರೆ. ಮುಕ್ಕಾಲು ಆರಿದ್ದು.

ಗುರುವಾರ ಫೋನು ಮಾಡಿದಳು.
ಕಡ್ಡಿಯಲ್ಲಿ ಚುಚ್ಚಿ ನೋಡಿದಳಂತೆ.
ಮೇಲೆ ಕೆನೆ ಕಟ್ಟಿದೆ,
ಒಳಗಿನ್ನೂ ಹಸಿ.