ಸೀನಬಾರದು

ಬಾಬಿಚ್ಕಾ ವ್ಲಾಸ್ತಾ ನಮ್ಮ ಅಜ್ಜಿಯಲ್ಲ.
ತಿಂಗಳಿಗೆ ಇಷ್ಟು ಕ್ರೌನ್ ಎಂದು ಗೊತ್ತುಮಾಡಿ
ಅಮ್ಮ ನಮ್ಮಿಬ್ಬರನ್ನೂ ಸೋಮವಾರ ಅಲ್ಲಿ ಇಳಿಸಿ
ಶನಿವಾರ ರಾತ್ರಿ ಬಿಡಿಸಿಕೊಂಡು ಬರುತ್ತಿದ್ದಳು,
ಅಡವಿಟ್ಟ ಒಡವೆಯ ಹಾಗೆ.

ಚಳಿಗಾಲದ ಸಂಜೆ ಆ ಮನೆಯ ಮೇಜಿನ ಸುತ್ತ ಆರು ಮುದುಕಿಯರು,
ನಡುವೆ ಹೆಬ್ಬಾತಿನ ಗರಿಯ ಗುಡ್ಡೆ.
ದಂಟಿನಿಂದ ತುಪ್ಪಳ ಸುಲಿದು ಸುಲಿದು ದಿಂಬಿಗೆ ತುಂಬಬೇಕು.
ನಿಯಮ ಒಂದೇ: ಸೀನಬಾರದು.
ಸೀನಿದರೆ ಇಡೀ ಸಂಜೆಯೇ ಸೂರಿಗೆ ಹಾರುತ್ತದೆ.
ಅಕ್ಕ, ಮನೆಯಲ್ಲಿ ನ್ಯಾನ್, ಶಾಲೆಯಲ್ಲಿ ಝ್ದೆನಾ,
ಮೂಗು ಹಿಡಿದು ಎಣಿಸುತ್ತಿದ್ದಳು
ಚೆಕ್ ಭಾಷೆಯಲ್ಲಿ.

ಭಾನುವಾರ ಮಾತ್ರ ಅಮ್ಮನ ಕತೆ.
ಅಲ್ಲೂ ಹೆಬ್ಬಾತಿನ ಗರಿಯೇ.
ಸೋತ ಅರಸ ಮಗಳನ್ನು ಕುದುರೆಯ ಮೇಲೆ ಬೆನ್ನಿಗೆ ಕೂರಿಸಿಕೊಂಡು ಓಡುತ್ತಾನೆ.
ಗರಿಯಂಗಿ ತೊಟ್ಟ ಮಗಳು
ಕವಲು ಬಂದಲ್ಲೆಲ್ಲ ಒಂದೊಂದು ಕಿತ್ತು ಚೆಲ್ಲುತ್ತಾಳೆ,
ಗಂಡ ಬಂದಾನು ಎಂದು.
ಗಂಡನ ಜೊತೆ ಅವನಪ್ಪನ ದಂಡೂ ಬರುತ್ತದೆ.
ಕಡಲು ಅಡ್ಡವಾದಲ್ಲಿ ಚಿನ್ನದ ಆಮೆ ತಲೆಯೆತ್ತಿ
"ಹಗೆ ನಿನ್ನ ಬೆನ್ನಿಗೇ ಕೂತಿದೆ" ಅನ್ನುತ್ತದೆ.
ಅಪ್ಪ ಕತ್ತಿ ಹಿರಿಯುತ್ತಾನೆ.
ಅಲ್ಲಿಗೆ ಅಮ್ಮ ದೀಪ ಆರಿಸುತ್ತಿದ್ದಳು.
ಬೆಳಗ್ಗೆ ನಾಲ್ಕಕ್ಕೆ ಬಜಾರು.

ನೂಲಿನ ಮಿಲ್ಲು ಮುಚ್ಚಿದ ಮೇಲೆ
ಗಡಿಯಲ್ಲಿ ಅವಳು ಮಾರಿದ್ದು ತೋಟದ ಕುಳ್ಳರನ್ನು:
ಪ್ಲಾಸ್ಟರಿನ ಮೈ, ಕೆಂಪು ಟೋಪಿ, ಬಿಳಿ ಗಡ್ಡ.
"ಹನ್ನೆರಡು ಮಾರ್ಕ್. ಸರಿ, ಹತ್ತು ಕೊಡಿ."
ಅವಳ ಜರ್ಮನ್ ಅಷ್ಟೇ, ಈಗಲೂ.

ಈ ಜನವರಿ, ಖೆಬ್ ಊರಿನ ಹಳೇ ಉಗ್ರಾಣದಲ್ಲಿ ಅಕ್ಕನ ಶಿಲ್ಪ.
ಮಾರದೆ ಉಳಿದ ಕುಳ್ಳರನ್ನೆಲ್ಲ ಕುಟ್ಟಿ,
ಪುಡಿ ಹುರಿದು, ಮತ್ತೆ ಕಲಸಿ
ಗರಿ ಎರಕ ಹೊಯ್ದಿದ್ದಳು, ಸಾವಿರದ ಚಿಲ್ಲರೆ.
ಮೂಟೆ ಹೊತ್ತವನು ನಾನು.
ತೊಟ್ಟವರಿಲ್ಲದೆ ನಿಂತ ಅಂಗಿ, ಕೊರಳಿನ ಮೇಲೆ ಬರೀ ಗಾಳಿ.
ಕೆಲವು ಗರಿಗೆ ಇನ್ನೂ ಟೋಪಿಯ ಕೆಂಪು.
ಅಂಚಿನಿಂದ ಉದುರಿದವು ನೆಲದುದ್ದ ಹರಿದು, ಹೊಸಿಲು ದಾಟಿ,
ಮೆಟ್ಟಿಲಿಳಿದು ಹಿಮಕ್ಕೆ ಸೇರಿ
ಬಿಳಿಯ ಮೇಲೆ ಬಿಳಿ,
ಅಲ್ಲಿಂದಾಚೆ ಇವೆಯೋ ಇಲ್ಲವೋ.

"ಇದು ಬಂದ ದಾರಿಯೋ, ಹೋಗುವ ದಾರಿಯೋ?"
ಕನ್ನಡಕದ ಒಬ್ಬರು ಕೇಳಿದರು.
"ಜಾರುತ್ತದೆ, ನೋಡಿಕೊಂಡು ನಡೆಯಿರಿ" ಅಂದಳು ಅಕ್ಕ.

ಮಂಗಳವಾರ ಅಂಗಡಿಗೆ ಬೀಗ ಹಾಕಿ ಅಮ್ಮ ಬಂದಳು.
ಕೋಟು ಬಿಚ್ಚಲಿಲ್ಲ.
ಒಂದು ಗರಿ ಎತ್ತಿ, ಅಂಗೈಯಲ್ಲಿ ತೂಗಿ,
"ಇದನ್ನು ತೊಟ್ಟು ಕುದುರೆ ಹತ್ತೋಕಾಗುತ್ತಾ?" ಅಂದಳು.
ಆಮೇಲೆ, ಖಾಲಿ ಕೊರಳಿಗೆ ಹೇಳುವಂತೆ,
"ಪಾಪ, ಅವಳು ದಾರಿ ತೋರಿಸಿದ್ದು ಅಷ್ಟೇ."
ಅಷ್ಟರಲ್ಲಿ ಪ್ಲಾಸ್ಟರಿನ ಧೂಳು ಮೂಗಿಗೇರಿತು.
ಅಮ್ಮ ಸೀನಿದಳು.

ನಾನೂ ಅಕ್ಕನೂ ಒಟ್ಟಿಗೇ, ಯೋಚಿಸದೆ,
ತೋಳು ಚಾಚಿ
ಇಲ್ಲದ ಮೇಜಿನ ಮೇಲೆ ಕವುಚಿದೆವು.

ಒಂದು ಗರಿಯೂ ಹಾರಲಿಲ್ಲ.